ಇಪ್ಪತ್ತೇಳರಲ್ಲಿ ಒಂದು ಹೆಸರು

ಆ ಟಿಕ್ ಹಾಕಿದ್ದು ನಾನು. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಮುಂದೆ ನಿಯಮದ ಮೇಲೆ, ಕಚೇರಿಯ ಮೇಲೆ, ನಮ್ಮ ಸಾಹೇಬರ ಮೇಲೆ ಏನೇನೋ ಹೇಳುವವಳಿದ್ದೇನೆ. ಆಗ ಓದುವವರು ನನ್ನನ್ನು ಮರೆಯಬಾರದು.

ಥಾಣೆಯ ವರ್ತಕ ನಗರದಲ್ಲಿ ನಮ್ಮದು ಮೂರು ಮೇಜಿನ ಆಫೀಸು. ಮಧ್ಯಮ ವರ್ಗದವರಿಗೆಂದು ಸರಕಾರ ಕಟ್ಟಿಸುವ ಫ್ಲ್ಯಾಟುಗಳಿಗೆ ಲಾಟರಿ ಎತ್ತುತ್ತಾರಲ್ಲ, ಅದಕ್ಕೆ ಅರ್ಜಿ ತುಂಬುವುದು, ಹೆಸರು ಬಂದವರ ಕಾಗದಪತ್ರ ಜೋಡಿಸುವುದು, ತಕರಾರು ಬಂದರೆ ಅಪೀಲು ಬರೆಯುವುದು ನಮ್ಮ ಕೆಲಸ. ಅಪೀಲು ನನ್ನ ಪಾಲಿಗೆ. ಕಾಲೇಜಿನ ದಿನಗಳಲ್ಲಿ ನಾನು ಡಿಬೇಟು ಮಾಡುತ್ತಿದ್ದೆ. ಚೀಟಿ ಎತ್ತಿದಾಗ ಪರ ಬಂದರೂ ಸರಿ, ವಿರೋಧ ಬಂದರೂ ಸರಿ, ಹದಿನೈದು ನಿಮಿಷ ಕೊಟ್ಟರೆ ಸಾಕು. ಆ ಚಟ ಇನ್ನೂ ಹೋಗಿಲ್ಲ. ಅಪ್ಪ ನಿವೃತ್ತಿಯಾಗಿ ಅಮ್ಮನ ಜೊತೆ ಹುಬ್ಬಳ್ಳಿಯ ಅಣ್ಣನ ಮನೆಗೆ ಹೋದ ಮೇಲೆ ಟಿಟ್ವಾಳಾದ ಒಂದು ಕೋಣೆಯಲ್ಲಿ ನಾನೊಬ್ಬಳೇ. ಟಿಟ್ವಾಳಾದಿಂದ ಥಾಣೆಗೆ ಬರುವ ಗಾಡಿಯಲ್ಲಿ ಎರಡೂ ಪಕ್ಷವನ್ನು ನಾನೇ ವಹಿಸಿ ಮನಸ್ಸಿನಲ್ಲೇ ವಾದಿಸುತ್ತ ಬರುತ್ತೇನೆ. ದಿನಕ್ಕೆ ಎರಡು ಸಲ ನಾನು ಗೆಲ್ಲುತ್ತೇನೆ, ಎರಡು ಸಲ ಸೋಲುತ್ತೇನೆ. ಬೇರೆ ಯಾರ ಜೊತೆಗೂ ಅಷ್ಟು ಮಾತಿಲ್ಲ.

ಡೊಂಬಿವಲಿ ಪೂರ್ವದ ಒಂದು ಉಡುಪಿ ಹೋಟೆಲಿನ ಮ್ಯಾನೇಜರು ನಮ್ಮ ಗಿರಾಕಿಯಾಗಿದ್ದರು. ಅರ್ಜಿಗೆ ಕೊನೆಯ ದಿನ. ಊಟದ ಗದ್ದಲ ಮುಗಿದು ಚಹಾದ ಗದ್ದಲ ಶುರುವಾಗುವ ಮುಂಚಿನ ಒಂದು ಗಂಟೆಯಲ್ಲಿ, ಕ್ಯಾಶ್ ಕೌಂಟರಿನ ಪಕ್ಕದ ಮೇಜಿನಲ್ಲಿ ಲ್ಯಾಪ್‌ಟಾಪು ತೆರೆದು ಕೂತೆ.

"ಕಾಯಂ ವಿಳಾಸ ಆಧಾರ್ ಕಾರ್ಡಿನಲ್ಲಿರೋದೇ ಅಂಕಲ್?"

"ಹೌದು, ಊರಿನದ್ದು. ಇಲ್ಲಿಯದ್ದು ಹಾಕಿ ಎಂತ ಮಾಡುದು? ಹನ್ನೊಂದು ತಿಂಗಳಿಗೊಮ್ಮೆ ಎಗ್ರಿಮೆಂಟು ಮುಗೀತದೆ, ಸೇಟು ಬಾಡಿಗೆ ಏರಿಸ್ತಾನೆ, ನಾವು ಬೇರೆ ಬಿಲ್ಡಿಂಗಿಗೆ. ಆಧಾರಿನವರಿಗೂ ಬೇಸರ ಬರ್ಲಿಕ್ಕಿಲ್ವಾ?"

"ಸ್ವಂತದ್ದಾ, ಬಾಡಿಗೇದಾ?"

ಅವರು ನನ್ನನ್ನು ನೋಡಿದ ರೀತಿ ಇನ್ನೂ ನೆನಪಿದೆ. ನಿನಗೆ ತಾಯಿ ಇದ್ದಾಳಾ ಎಂದು ಕೇಳಿದ ಹಾಗೆ.

"ಊರಿನ ಮನೆ ಬಾಡಿಗೆಯದ್ದು ಇರ್ತದಾ ಮೇಡಂ? ಸ್ವಂತದ್ದೇ. ಬೇಕಾದರೆ ಪಹಣಿ ಉಂಟು, ಹಾಕಿ."

ನಾನು 'ಸ್ವಂತ' ಎಂಬುದಕ್ಕೆ ಟಿಕ್ ಹಾಕಿದೆ. ಪಹಣಿಯ ಪ್ರತಿಯನ್ನೂ ವಿಳಾಸದ ಪುರಾವೆ ಎಂದು ಸೇರಿಸಿದೆ. ಅದೇ ಅರ್ಜಿಯ ಕೊನೆಯಲ್ಲಿ ಮೊದಲೇ ಅಚ್ಚಾಗಿದ್ದ ಅಫಿಡವಿಟ್ಟಿತ್ತು: ಭಾರತದಲ್ಲಿ ಎಲ್ಲಿಯೂ ನನ್ನ, ನನ್ನ ಹೆಂಡತಿಯ ಅಥವಾ ಮದುವೆಯಾಗದ ಮಕ್ಕಳ ಹೆಸರಲ್ಲಿ ಪಕ್ಕಾ ಮನೆ ಇಲ್ಲ. ಅದಕ್ಕೂ ಅವರ ಸಹಿ ಮಾಡಿಸಿದೆ. ಎರಡರ ನಡುವೆ ಆರು ಪುಟಗಳ ಅಂತರವಿತ್ತು. ಎದುರಾಳಿಯ ಭಾಷಣದಲ್ಲಿ ಆರು ವಾಕ್ಯಗಳ ಅಂತರದಲ್ಲಿ ವಿರೋಧಾಭಾಸ ಹಿಡಿಯುತ್ತಿದ್ದವಳು ನಾನು.

ಲಾಟರಿಯಲ್ಲಿ ಅವರ ಹೆಸರು ಬಂತು. ತಳೋಜದಲ್ಲಿ ಒಂದು ಬೆಡ್‌ರೂಮಿನ ಫ್ಲ್ಯಾಟು. ಹೋಟೆಲಿನಿಂದ ಆಫೀಸಿಗೆ ಮೈಸೂರು ಪಾಕಿನ ಡಬ್ಬಿ ಬಂತು. ಮೂರು ವಾರ ಕಳೆದು ಕಾಗದಪತ್ರದ ತಪಾಸಣೆಯಾಗಿ ನೋಟೀಸೂ ಬಂತು. ಅರ್ಜಿದಾರರು ಸ್ವಂತ ಮನೆಯುಳ್ಳವರು, ಅನರ್ಹ. ಅಪೀಲಿಗೆ ಮೂವತ್ತು ದಿನ.

ನಮ್ಮ ಸಾಹೇಬರು ಬೆಳಗಾವಿ ಕಡೆಯವರು. ನೋಟೀಸು ಓದಿ ನನ್ನ ಮೇಜಿನ ಮೇಲೆ ಇಟ್ಟರು.

"ಹೊಸಾ ಅಫಿಡವಿಟ್ ಮಾಡಸು. 'ಕಣ್ತಪ್ಪಿನಿಂದ' ಅಂತ ಒಂದು ಶಬ್ದಾ ಹಾಕು. ಅಲ್ಲಿ ತನಕಾ ಹೋಗಿ ಮನಿ ಯಾರು ನೋಡ್ತಾರ?"

"ಪಹಣಿ ಫೋನಿನಾಗ ಸಿಗ್ತೈತ್ರಿ ಸರ್. ಚಾ ಕುಡಿಯೋದರಾಗ ತಗದ ನೋಡ್ತಾರ. ಮ್ಯಾಲೆ ನಾವೇ ಒಂದು ಕಾಪಿ ಹಚ್ಚೇವಿ."

"ನಾವಲ್ಲ. ನೀ ಹಚ್ಚಿದಿ."

"ಹೌದ್ರಿ. ನಾ ಹಚ್ಚಿದೆ."

"ಭಾಳ ಶಾಣ್ಯಾಕಿ ನೀ. ಶಾಣ್ಯಾರೆಲ್ಲಾ ಟಿಟ್ವಾಳಾದಾಗ ಯಾಕಿರ್ತಾರ ಅಂತ ಈಗ ಗೊತ್ತಾತು ನೋಡು."

ಆ ಚುಚ್ಚುಮಾತು ನಿಜವಾದದ್ದೇ. ಇಲ್ಲಿ ಮನೆಯ ಬೆಲೆ ತಿಳಿಯಬೇಕಾದರೆ ಸ್ಟೇಷನ್ನುಗಳನ್ನು ಎಣಿಸಿದರೆ ಸಾಕು. ಥಾಣೆಯಲ್ಲಿ ಆಗದವನು ಡೊಂಬಿವಲಿಗೆ, ಡೊಂಬಿವಲಿಯಲ್ಲಿ ಆಗದವನು ಕಲ್ಯಾಣ್‌ಗೆ, ಅಲ್ಲಿಯೂ ಆಗದವನು ಟಿಟ್ವಾಳಾಕ್ಕೆ. ನಡುವೆ ಎಲ್ಲಿಯಾದರೂ ಇಳಿಯುತ್ತೇನೆ ಎನ್ನುವವನಿಗೆ ದಿವಾ. ನನ್ನ ಸಂಬಳ ಯೋಜನೆಯ ಕೆಳಗಿನ ವರ್ಗಕ್ಕೆ ಜಾಸ್ತಿ, ಮೇಲಿನ ವರ್ಗದ ಫ್ಲ್ಯಾಟಿಗೆ ಕಡಿಮೆ. ಮ್ಯಾನೇಜರು ಮಾತ್ರ ಸರಿಯಾಗಿ ಒಂದು ವರ್ಗದ ಒಳಗೆ ಕೂತಿದ್ದರು. ಅಂಥವರು ನಮ್ಮ ಆಫೀಸಿಗೆ ಅಪರೂಪ. ಅವರನ್ನು ಹೊರಗೆ ಹಾಕಿದ್ದು ನನ್ನ ಟಿಕ್.

ಸುಳ್ಳು ಬೇಡ, ವಾದ ಮಾಡೋಣ ಎಂದುಕೊಂಡೆ. ಇದು ನೀತಿಯಿಂದ ಬಂದ ನಿರ್ಧಾರವೇನಲ್ಲ. ಸುಳ್ಳು ದುರ್ಬಲವಾದ ವಾದ, ಅಷ್ಟೆ.

ಮೊದಲ ದಾರಿ, ಅದು ಮನೆಯೇ ಅಲ್ಲ ಎಂದು ಸಾಧಿಸುವುದು. ಮ್ಯಾನೇಜರನ್ನು ಕೂರಿಸಿ ಒಂದೊಂದೇ ಕೇಳಿದೆ. ಅಲ್ಲಿ ಯಾರಿದ್ದಾರೆ? ಯಾರೂ ಇಲ್ಲ. ಅಡುಗೆ? ವರ್ಷಕ್ಕೆ ಎರಡು ದಿನ, ದೈವಕ್ಕೆ ನೇಮ, ಅಂದರೆ ಕೋಲ, ಆಗುವಾಗ. ಒಳಗೆ ಏನಿದೆ? ದೈವದ ಮಂಚ, ತೂಗುದೀಪ, ಖಡ್ಗ. ಮಂಚದ ಮೇಲೆ ಯಾರು ಮಲಗುತ್ತಾರೆ? ಅವರು ಗಾಬರಿಯಾಗಿ ನನ್ನನ್ನು ನೋಡಿ, "ದೈವದ ಮಂಚದಲ್ಲಿ ಯಾರೂ ಮಲಗ್ಲಿಕ್ಕಿಲ್ಲ" ಅಂದರು. ಸರಿ. ವಾಸವಿಲ್ಲ, ಒಲೆಯಿಲ್ಲ, ಹಾಸಿಗೆಯಿಲ್ಲ. ಇದು ಪೂಜೆಯ ಜಾಗ ಎಂದು ಎರಡು ಪುಟ ಬರೆದೆ. ಪಂಚಾಯತಿನಿಂದ ಒಂದು ಪತ್ರ ಸಿಕ್ಕರೆ ಮುಗಿಯಿತು.

ಪಂಚಾಯತಿಗೆ ಫೋನು ಹಚ್ಚಿದೆ. ಅತ್ತ ಕಡೆಯ ಅಧಿಕಾರಿ ಸಾವಧಾನದ ಮನುಷ್ಯ. ರಿಜಿಸ್ಟರು ತೆಗೆಸಿ ಓದಿದರು.

"ನಮ್ಮಲ್ಲಿ ವಾಸದ ಮನೆ ಅಂತ ಉಂಟು ಮೇಡಂ."

"ಅಲ್ಲಿ ಯಾರೂ ವಾಸ ಇಲ್ಲ ಸರ್."

"ಅದು ನಮಗೂ ಗೊತ್ತುಂಟು. ಆದರೆ ಕರೆಂಟು ಎಳೆಸುವಾಗ ಆ ಮನೆಯವರೇ ವಾಸದ ಮನೆ ಅಂತ ಬರೆದು ಕೊಟ್ಟದ್ದು. ಬೇರೆ ಏನಾದರೂ ಬರೆದಿದ್ದರೆ ಕರೆಂಟು ಬಿಲ್ಲು ಜಾಸ್ತಿ ಬರ್ತಿತ್ತು."

ಒಂದು ದೀಪ ಉರಿಸಲು ಬರೆದ ಶಬ್ದ. ಎಂಟು ದಿನ ಹೋಯಿತು.

ಎರಡನೆಯ ದಾರಿ, ಪಾಲು. ಪಹಣಿಯಲ್ಲಿ ಇಪ್ಪತ್ತೇಳು ಹೆಸರುಗಳಿದ್ದವು. ನವಿ ಮುಂಬಯಿಯ ಕಚೇರಿಯಲ್ಲಿ ಅಪೀಲು ನೋಡುತ್ತಿದ್ದವರು ನಿವೃತ್ತಿಗೆ ಹತ್ತಿರವಾದ ಒಬ್ಬ ಮರಾಠಿ ಹೆಂಗಸು. ಟೋಕನ್ ಹಿಡಿದು ಎರಡೂವರೆ ಗಂಟೆ ಕೂತು ಒಳಗೆ ಹೋದೆ. ಅವರು ಮರಾಠಿಯಲ್ಲಿ, ನಾನೂ ಮರಾಠಿಯಲ್ಲಿ.

"ಇಪ್ಪತ್ತೇಳರಲ್ಲಿ ಒಂದು ಪಾಲು ಅಂದರೆ ಒಂದು ಕಿಟಕಿಯೂ ಬರುವುದಿಲ್ಲ ಮ್ಯಾಡಮ್."

"ಕಿಟಕಿ ಬರದಿದ್ದರೂ ಹೆಸರು ಬಂದಿದೆಯಲ್ಲ."

"ಮ್ಯಾಡಮ್, ಮೈದುನನ ಹೆಸರಲ್ಲಿ ಎರಡೆರಡು ಫ್ಲ್ಯಾಟು ಇಟ್ಟುಕೊಂಡವರು ಈ ಷರತ್ತಿನಲ್ಲಿ ಪಾಸಾಗುತ್ತಾರೆ. ಇವರು ಹನ್ನೊಂದು ತಿಂಗಳಿಗೊಮ್ಮೆ ಮನೆ ಬದಲಿಸುತ್ತಾರೆ. ಬದಲಿಸುತ್ತಾರೆ ಅಂತಲೇ ಊರಿನ ವಿಳಾಸ ಇಟ್ಟುಕೊಂಡಿದ್ದಾರೆ. ಮನೆ ಇಲ್ಲದ ಕಾರಣಕ್ಕೇ ನಿಮ್ಮ ಕಾಗದದಲ್ಲಿ ಮನೆಯುಳ್ಳವರಾದರು."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಚೆನ್ನಾಗಿ ಮಾತಾಡುತ್ತೀ. ನಿನ್ನ ಮಾತು ಬರೆದುಕೊಳ್ಳಲು ನನ್ನ ಫಾರ್ಮಿನಲ್ಲಿ ಜಾಗ ಇಲ್ಲ. ಪಾಲು ಬಿಟ್ಟುಕೊಟ್ಟ ಪತ್ರ ರಿಜಿಸ್ಟರ್ ಮಾಡಿಸಿ, ಅವಧಿಯೊಳಗೆ ತಾ. ಸಮಿತಿಯ ಮುಂದೆ ಇಡುತ್ತೇನೆ. ಬಘೂ."

ಈ 'ಬಘೂ', ಅಂದರೆ ನೋಡೋಣ, ಸರಕಾರಿ ಕಚೇರಿಯಲ್ಲಿ ಸಿಗುವ ಅತಿ ದೊಡ್ಡ ಭರವಸೆ. ನಾನು ಕುಣಿಯುತ್ತ ಹೊರಗೆ ಬಂದೆ. ಬಾಡಿಗೆಯೂ ಬಾರದ, ಮಲಗಲೂ ಆಗದ ಮನೆಯ ಇಪ್ಪತ್ತೇಳರಲ್ಲಿ ಒಂದು ಪಾಲು. ಬಿಟ್ಟರೆ ಹೋಗುವುದೇನು? ಫೋನು ಮಾಡಿ ಹೇಳಿದೆ. ಮ್ಯಾನೇಜರು ಹೋಟೆಲಿನಲ್ಲಿದ್ದರು. ಹಿಂದೆ ಗ್ರೈಂಡರಿನ ಸದ್ದು.

"ಅದು ಆಗ್ಲಿಕ್ಕಿಲ್ಲ ಮೇಡಂ. ಫ್ಲ್ಯಾಟು ಬೇಡ ಬಿಡಿ."

ಮರುದಿನ ಅವರ ವಾರದ ರಜೆ. ನಾನು ಡೊಂಬಿವಲಿಯಲ್ಲಿ ಇಳಿದು ಅವರ ಮನೆಗೆ ಹೋದೆ. ಒಂದು ಕೋಣೆ, ಅಡುಗೆಮನೆ. ಗೋಡೆಗಳು ಬೋಳು. ದೇವರ ಪಟಗಳೆಲ್ಲ ಫ್ರಿಜ್ಜಿನ ಮೇಲೆ ಒರಗಿ ನಿಂತಿದ್ದವು. ಕಪಾಟಿನ ಹಿಂದೆ ಮಡಚಿಟ್ಟ ರಟ್ಟಿನ ಡಬ್ಬಗಳ ಒಂದು ದಪ್ಪ ಕಟ್ಟು. ನಾನು ನೋಡುತ್ತಿರುವುದನ್ನು ಅವರ ಹೆಂಡತಿ ನೋಡಿದರು.

"ಮುಂದಿನ ಸಲಕ್ಕೆ. ಒಳ್ಳೇ ಡಬ್ಬ ಸಿಗುದಿಲ್ಲ ಈಗ. ಇದರಲ್ಲಿ ನಾಲ್ಕು ಮನೆ ಬದಲಿಸಿದ್ದೇವೆ."

"ಪಟ ಯಾಕೆ ಕೆಳಗೆ ಇಟ್ಟಿದ್ದೀರಿ ಆಂಟಿ?"

"ಮೊಳೆ ಹೊಡೀಬಾರದು ಅಂತ ಎಗ್ರಿಮೆಂಟಿನಲ್ಲೇ ಬರೆದಿದ್ದಾನೆ ಸೇಟು. ಹಿಂದಿನವನು ಒಂದು ತೂತಿಗೆ ಡಿಪಾಜಿಟಿನಲ್ಲಿ ದುಡ್ಡು ಹಿಡಿದುಕೊಂಡ."

ಕಾಲೇಜಿಗೆ ಹೋಗುವ ಮಗಳು ಮೂಲೆಯಲ್ಲಿ ಮೊಬೈಲು ನೋಡುತ್ತ ಕೂತಿದ್ದಳು. ಮ್ಯಾನೇಜರು ಬನಿಯನ್ ಮೇಲೆ ಅಂಗಿ ಹಾಕಿಕೊಂಡು ಎದುರು ಕೂತು ತಮ್ಮ ಕಾರಣ ಹೇಳಿದರು. ನೇಮದ ಕೊನೆಯಲ್ಲಿ ಮನೆಯ ಯಜಮಾನರು, ಇವರಿಗೆ ಸೋದರಮಾವ, ಪಾಲಿನವರ ಹೆಸರನ್ನು ಒಂದೊಂದಾಗಿ ಕರೆಯುತ್ತಾರೆ. ಕರೆಸಿಕೊಂಡವನು ಎದ್ದು ಹೋಗಿ ದೈವದ ಕೈಯಿಂದ ಗಂಧ, ಅಡಿಕೆಯ ಹಿಂಗಾರ ತೆಗೆದುಕೊಳ್ಳಬೇಕು. ಹದಿನಾರನೆಯ ವಯಸ್ಸಿನಲ್ಲಿ ಮುಂಬಯಿಗೆ ಬಂದು ಮೋರಿಯ ಹತ್ತಿರ ಕೂತು ಲೋಟ ತೊಳೆಯುತ್ತಿದ್ದಾಗಲೂ ಆ ಒಂದು ದಿನಕ್ಕೆ ರಜೆ ಹಾಕಿ ಹೋಗುತ್ತಿದ್ದರು.

"ವರ್ಷಕ್ಕೆ ಒಂದು ಸಲ ನನ್ನ ಹೆಸರು ಪೂರ್ತಿ ಕರೀತಾರೆ. ಇಲ್ಲಿ ಎಲ್ಲರಿಗೂ ನಾನು 'ಅಣ್ಣಾ, ಒಂದು ಕಟಿಂಗ್ ಚಾ'."

ಹೆಂಡತಿ ನಕ್ಕರು. "ಇನ್ನೊಂದು ಹೆಸರುಂಟಲ್ಲ. 'ಅರೇ ಬಿಲ್.'"

"ಪಪ್ಪಾ, ಛೋಡೋ ನಾ," ಅಂದಳು ಮಗಳು, ಮೊಬೈಲಿನಿಂದ ತಲೆಯೆತ್ತದೆ. ಬಿಡು ಅಂದದ್ದು ಫ್ಲ್ಯಾಟನ್ನೋ, ಪಾಲನ್ನೋ ನನಗೆ ತಿಳಿಯಲಿಲ್ಲ.

ಅಲ್ಲಿ ನಾನು ಎದ್ದು ಬರಬಹುದಿತ್ತು. ಆ ಮನುಷ್ಯ ತನಗೇನು ಬೇಕು, ಏನು ಬೇಡ ಎಂದು ಸ್ಪಷ್ಟವಾಗಿ ಹೇಳಿ ಆಗಿತ್ತು. ಆದರೆ ಹದಿನಾಲ್ಕು ದಿನಗಳಿಂದ ನಾನು ಒಂದು ಕಚೇರಿಯ ಜೊತೆ, ಒಂದು ಪಂಚಾಯತಿನ ಜೊತೆ, ಗಾಡಿಯಲ್ಲಿ ನನ್ನದೇ ಜೊತೆ ವಾದಿಸಿ ಸೋತಿದ್ದೆ. ಇಲ್ಲಿ ಗೆಲ್ಲುವ ದಾರಿ ಕಾಣುತ್ತಿತ್ತು.

"ಅಂಕಲ್, ಒಂದು ಕೇಳ್ತೀನಿ. ಆ ಮನೆ ನಿಮ್ಮ ತಾಯಿ ಕಡೆಯದ್ದು ಅಲ್ವಾ?"

"ಹೌದು. ನಮ್ಮಲ್ಲಿ ಅಳಿಯಕಟ್ಟು, ಪಾಲು ತಾಯಿಯಿಂದಲೇ ಬರುದು."

"ಹಾಗಾದರೆ ಇವಳು?" ಮಗಳ ಕಡೆ ಕೈ ತೋರಿಸಿದೆ. "ಇವಳ ಹೆಸರು ಅಲ್ಲಿ ಕರೀತಾರಾ?"

ಹೆಂಡತಿ ಹೇಳಿದರು: "ಇವಳು ನನ್ನ ತಾಯಿ ಮನೆಯವಳು. ಅಲ್ಲಿ ಈಗ ಮನೆಯೂ ಇಲ್ಲ, ರಸ್ತೆ ಬಂದು ಹೋಯಿತು."

"ಅಂದರೆ ಇವಳಿಗೆ ಅಲ್ಲಿಯೂ ಇಲ್ಲ, ಇಲ್ಲಿಯೂ ಇಲ್ಲ. ತಳೋಜದ್ದು ಬಂದರೆ ಅದೊಂದೇ ಇವಳಿಗೆ. ಇನ್ನು ದೈವದ ಮಾತು. ನಿಮ್ಮ ಹೆಸರು ಕರೆಯೋದು ನಿಮ್ಮ ಮಾವ. ಅವರಿಗೆ ನಿಮ್ಮ ಹೆಸರು ಪಹಣಿ ನೋಡಿ ಗೊತ್ತಾಗಿದ್ದಾ? ದೈವ ಏನು ಪಹಣಿ ಓದುತ್ತಾ ಅಂಕಲ್?"

ಇದು ಗೆಲ್ಲುವ ವಾಕ್ಯ ಎಂದು ನನಗೆ ಆಡುವಾಗಲೇ ಗೊತ್ತಿತ್ತು. ಡಿಬೇಟಿನಲ್ಲಿ ಇಂಥ ವಾಕ್ಯ ಆಡಿದ ಮೇಲೆ ಸುಮ್ಮನಾಗಬೇಕು. ಸುಮ್ಮನಾದೆ. ಹೆಂಡತಿ ತುಳುವಿನಲ್ಲಿ ಏನೋ ಮೆಲ್ಲನೆ ಹೇಳಿದರು. ಮ್ಯಾನೇಜರು ಫ್ರಿಜ್ಜಿನ ಮೇಲಿನ ಪಟಗಳನ್ನು ನೋಡಿದರು.

"ಇಲ್ಲ, ದೈವ ಓದುದಿಲ್ಲ," ಅಂದರು. "ಟಿಕೇಟು ಮಾಡಿಸ್ತೇನೆ."

ಹಕ್ಕು ಬಿಡುಗಡೆ ಪತ್ರದ ಕರಡನ್ನು ನಾನೇ ಬರೆದು ಕಳಿಸಿದೆ. ನನ್ನ ಪಾಲಿನ ಸಂಪೂರ್ಣ ಹಕ್ಕನ್ನು ಯಾವುದೇ ಪ್ರತಿಫಲವಿಲ್ಲದೆ, ಸ್ವಇಚ್ಛೆಯಿಂದ, ಯಾರ ಒತ್ತಾಯವೂ ಇಲ್ಲದೆ. ಈ ಮಾತುಗಳು ಎಲ್ಲ ಪತ್ರಗಳಲ್ಲೂ ಇರುತ್ತವೆ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮೊದಲ ದಿನ ಸರ್ವರ್ ಇರಲಿಲ್ಲ. ಎರಡನೆಯ ದಿನ ಸಾಕ್ಷಿಯ ಹೆಬ್ಬೆಟ್ಟು ಯಂತ್ರಕ್ಕೆ ಹಿಡಿಸಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಅವರ ಫೋನು ಬಂತು.

"ಆಯಿತು ಮೇಡಂ."

"ಮಾವ ಏನಂದರು?"

"ಏನೂ ಕೇಳ್ಲಿಲ್ಲ. ನನ್ನ ಪೆನ್ನು ಬರೀತಿರಲಿಲ್ಲ, ಅವರದ್ದೇ ಕೊಟ್ಟರು."

ಇನ್ನೊಂದು ತೊಡಕಿತ್ತು. ಪತ್ರ ರಿಜಿಸ್ಟರಾದರೂ ಪಹಣಿಯಲ್ಲಿ ಹೆಸರು ಇಳಿಯಲು ಆಕ್ಷೇಪಣೆಯ ಅವಧಿ ಮುಗಿಯಬೇಕು. ಅಪೀಲಿಗೆ ಉಳಿದದ್ದು ಆರು ದಿನ. ಹೆಸರು ಇನ್ನೂ ಇರುವ ಪಹಣಿ ಹಿಡಿದು ಹೋದರೆ ಆ ಕಚೇರಿ ಮತ್ತೆ ಹೆಸರನ್ನೇ ನೋಡುತ್ತದೆ. ತಾಲೂಕು ಕಚೇರಿಯಿಂದ ಖಾತೆ ಬದಲಾವಣೆಯ ಅರ್ಜಿಯ ಸ್ವೀಕೃತಿ ತರಿಸಿದೆ, ಪತ್ರವನ್ನು ಇಂಗ್ಲಿಷಿಗೂ ಮರಾಠಿಗೂ ತಿರುಗಿಸಿ ನೋಟರಿ ಮಾಡಿಸಿದೆ, ಹನ್ನೆರಡು ವರ್ಷದ ಬಾಡಿಗೆ ಕರಾರುಗಳನ್ನು ದಿನಾಂಕದ ಪ್ರಕಾರ ಪೋಣಿಸಿದೆ. ಮೊದಲು ಬರೆದ ಎರಡು ಪುಟದ ವಾದವನ್ನು ಹರಿದೆ. ಅದರ ಬದಲು ನಾಲ್ಕು ಸಾಲು. ಅರ್ಜಿಯಲ್ಲಿ 'ಸ್ವಂತ' ಎಂದು ತುಂಬಿದ್ದು ಅರ್ಜಿದಾರರಲ್ಲ, ನಾನು ಎಂಬುದನ್ನೂ ಅದರಲ್ಲಿ ಬರೆದೆ. ಸಾಹೇಬರು ಓದಿ ಹಲ್ಲು ಕಚ್ಚಿದರು. ಆದರೆ ತಡೆಯಲಿಲ್ಲ.

ವಿಚಾರಣೆ ನಾಲ್ಕು ನಿಮಿಷ ನಡೆಯಿತು. ಮ್ಯಾಡಮ್ ಪತ್ರದ ಸೀಲನ್ನು ಬೆರಳಿನಿಂದ ಸವರಿ ನೋಡಿದರು, ಪಕ್ಕದವರಿಗೆ ಕೊಟ್ಟರು, ಸಹಿಯಾಯಿತು. ಅರ್ಹ. ನಾನು ಒಂದು ಮಾತೂ ಆಡಬೇಕಾಗಲಿಲ್ಲ.

ಪ್ಲಾಟ್‌ಫಾರ್ಮಿನಲ್ಲಿ ಕೂತು ಮೊದಲು ಮ್ಯಾನೇಜರಿಗೆ ಹೇಳಿದೆ. "ಆಯಿತಾ? ಒಳ್ಳೇದಾಯಿತು. ಹೆಂಡತಿಗೆ ಹೇಳ್ತೇನೆ," ಅಂದರು, ಅಷ್ಟೇ. ಸಾಹೇಬರು "ಶಾಬಾಸ್, ನಾಳಿ ಬರೋವಾಗ ಆ ಕಲ್ಯಾಣದ ಫೈಲ್ ತಗೊಂಡ ಬಾ" ಅಂದರು. ಅಮ್ಮನಿಗೆ ಫೋನು ಮಾಡಿದರೆ ಇಡೀ ಕಥೆ ಮೊದಲಿನಿಂದ ಹೇಳಬೇಕು. ಇನ್ನು ಯಾರಿಗೆ ಎಂದು ಫೋನಿನಲ್ಲಿ ಹೆಸರುಗಳನ್ನು ಮೇಲೆ ಕೆಳಗೆ ಓಡಿಸಿದೆ. ಎರಡು ಗಾಡಿ ಹೋದವು. ಮೂರನೆಯದನ್ನು ಹತ್ತಿದೆ.

ಕೀಲಿ ಸಿಕ್ಕಿ ಅವರು ತಳೋಜಕ್ಕೆ ಹೋದದ್ದು ನಾಲ್ಕು ತಿಂಗಳ ಮೇಲೆ. ಬೇಸಿಗೆಯ ಒಂದು ರಜೆಯ ದಿನ ಊಟಕ್ಕೆ ಕರೆದರು. ಸುತ್ತ ಅರ್ಧ ತುಂಬಿದ ಕಟ್ಟಡಗಳು, ಕೆಳಗೆ ಒಂದೇ ಒಂದು ಕಿರಾಣಿ ಅಂಗಡಿ. ಡೊಂಬಿವಲಿಯ ಹೋಟೆಲಿಗೆ ಅವರು ಈಗ ಬೆಳಿಗ್ಗೆ ಸಿಗುವ ಒಂದೇ ಗಾಡಿಯಲ್ಲಿ ದಿವಾಕ್ಕೆ ಬಂದು ಅಲ್ಲಿಂದ ಹೋಗುತ್ತಾರೆ. ಒಳಗೆ ಗೋಡೆಯ ಮೇಲೆ ದೇವರ ಪಟಗಳು ಸಾಲಾಗಿದ್ದವು. ಪಟಗಳಿಗಿಂತ ಮೊಳೆಗಳೇ ಜಾಸ್ತಿ.

"ಕೈ ತಡೀಲಿಲ್ಲ," ಅಂದರು ಅವರ ಹೆಂಡತಿ. "ಪಕ್ಕದ ಮನೆಯವಳು ಬಂದು ಕೇಳಿದಳು, ಎಂತ ಅಕ್ಕ, ಕಾರ್ಖಾನೆ ಇಟ್ಟಿದ್ದೀರಾ ಅಂತ."

ಮಗಳ ಪುಸ್ತಕಗಳಿಗೆ ಒಂದು ಹಲಗೆಯೂ ಬಂದಿತ್ತು. ಈ ಲೆಕ್ಕದಲ್ಲಿ ನನ್ನ ವಾದ ಸರಿಯಾಗಿತ್ತು, ಈಗಲೂ ಸರಿಯಾಗಿದೆ. ಅದನ್ನು ನಾನು ಬಿಟ್ಟುಕೊಡುವುದಿಲ್ಲ.

ಮ್ಯಾನೇಜರು ಹಿಂದಿನ ವಾರವಷ್ಟೇ ನೇಮ ಮುಗಿಸಿ ಬಂದಿದ್ದರು. ಊಟವಾಗಿ ಬಾಲ್ಕನಿಯಲ್ಲಿ ಕೂತಾಗ ನಾನೇ ಕೇಳಿದೆ.

"ಹೆಸರು ಕರೆದರಾ ಅಂಕಲ್?"

"ಕರೆದರು."

"ನೋಡಿ. ನಾನು ಹೇಳಲಿಲ್ವಾ?"

"ಮಾವ ಎರಡು ಸಲ ಕರೆದರು. ಎರಡನೇ ಸಲ ಜೋರಾಗಿ." ಅವರು ಕೆಳಗೆ ರಸ್ತೆಯನ್ನು ನೋಡುತ್ತಿದ್ದರು. "ನಾನು ಏಳ್ಲಿಲ್ಲ."

"ಯಾಕೆ?"

ಅಷ್ಟು ದಿನ 'ಮೇಡಂ, ನೀವು' ಎನ್ನುತ್ತಿದ್ದವರು ಅಂದು ಹಾಗೆ ಕರೆಯಲಿಲ್ಲ.

"ನೀನು ಹೇಳಿದ್ದು ಸರಿ ಮಗಾ, ದೈವ ಪಹಣಿ ಓದುದಿಲ್ಲ. ನಾನು ಓದಿದ್ದೇನಲ್ಲ."

ಸಿಟ್ಟಿರಲಿಲ್ಲ. ಚಹಾಕ್ಕೆ ಸಕ್ಕರೆ ಸಾಕಾ ಎಂದು ಕೇಳುವ ದನಿಯಲ್ಲೇ ಹೇಳಿದರು, ಆಮೇಲೆ ಅದನ್ನೂ ಕೇಳಿದರು.

ಹೊರಡುವಾಗ ಅವರ ಹೆಂಡತಿ ಬಾಗಿಲ ಹಿಂದಿನಿಂದ ರಟ್ಟಿನ ಡಬ್ಬಗಳ ಕಟ್ಟನ್ನು ಎಳೆದರು. "ರದ್ದಿಯವನಿಗೆ ಕೊಡುವಾ ಅಂತ ಇಟ್ಟಿದ್ದೆ. ನಿನಗೆ ಬೇಕಾ? ನಿನ್ನ ಎಗ್ರಿಮೆಂಟು ಯಾವಾಗ ಮುಗೀತದೆ?"

ಮುಂದಿನ ತಿಂಗಳು, ಅಂದೆ. ಅವರು ಹಗ್ಗವನ್ನು ಇನ್ನೊಂದು ಸುತ್ತು ಬಿಗಿದು ನನ್ನ ಕೈಗೆ ಕೊಟ್ಟರು.

ದಿವಾದಲ್ಲಿ ಇಳಿದು ಟಿಟ್ವಾಳಾ ಗಾಡಿಗೆ ಕಾದೆ. ರಜೆಯ ದಿನದ ಸಂಜೆ, ಕಿಟಕಿಯ ಬಳಿ ಸೀಟು ಸಿಕ್ಕಿತು. ಕಟ್ಟನ್ನು ಮೊಣಕಾಲಿಗೆ ಒರಗಿಸಿಕೊಂಡು ರೂಢಿಯಂತೆ ಶುರು ಮಾಡಿದೆ. ಮಗಳಿಗೆ ಮನೆಯಾಯಿತು, ಹೆಂಡತಿಗೆ ಗೋಡೆಯಾಯಿತು, ಮ್ಯಾನೇಜರಿಗೆ ಏಳಬೇಡಿ ಎಂದು ಯಾರೂ ಹೇಳಿರಲಿಲ್ಲ. ಪರವಾಗಿ ಇದೆಲ್ಲ ಹೇಳಿ ಮುಗಿಸಿ, ಎದುರು ಪಕ್ಷಕ್ಕೆ ಸಮಯ ಕೊಟ್ಟೆ. ಡೊಂಬಿವಲಿ ಹೋಯಿತು, ಕಲ್ಯಾಣ್ ಹೋಯಿತು. ಆ ಕಡೆಯಿಂದ ಯಾರೂ ಏಳಲಿಲ್ಲ.